ತೋಟ ನುಂಗಿದ ಕೆರೆ

ರುಮಾಲೆ ಚನ್ನಬಸವಯ್ಯನವರನ್ನು (1910–1988) ನೋಡಿ ಕೆಟ್ಟವರಲ್ಲಿ ನಾನೂ ಒಬ್ಬ. ಸ್ವಾತಂತ್ರ್ಯ ಹೋರಾಟ, ಪತ್ರಿಕೆ, ರಾಜಕೀಯ ಎಲ್ಲ ಕಂಡ ಆ ಮಹಾನುಭಾವರು ಬೆಂಗಳೂರಿನ ಹೂಬಿಟ್ಟ ಮರಗಳ ಮುಂದೆ ಕೂತು ಜಲವರ್ಣದಲ್ಲಿ ಚಿತ್ರ ಬರೆದರು. ಅವರ ಗುಲ್‌ಮೊಹರ್ ನೋಡಿದರೆ ಕಣ್ಣಿಗೆ ಬಿಸಿ ತಾಗುತ್ತದೆ. ಬಣ್ಣವನ್ನು ಇಷ್ಟು ಧಾರಾಳವಾಗಿ ಚೆಲ್ಲುವುದಾದರೆ ನನಗೇನು ಕಷ್ಟ ಅನ್ನಿಸಿತು. ಚೆಲ್ಲುವ ಕೆಲಸದಲ್ಲಿ ಬಾಲ್ಯದಿಂದಲೂ ನನಗೆ ಒಳ್ಳೆಯ ಹೆಸರಿದೆ.

ಶಿರಾಳಕೊಪ್ಪದಿಂದ ತೊಗರ್ಸಿಗೆ ಬಂದು, ಮಲ್ಲಿಕಾರ್ಜುನನಿಗೆ ಕೈಮುಗಿದು, ಊರಾಚೆ ಒಂದು ಕೆರೆ ಏರಿಯ ಮೇಲೆ ಸ್ಟ್ಯಾಂಡ್ ನಿಲ್ಲಿಸಿದೆ. ಮೂರು ಕಾಲಿನ ಸ್ಟ್ಯಾಂಡು, ತಲೆಗೆ ಟೋಪಿ, ಒಂದು ಕಣ್ಣು ಮುಚ್ಚಿ ಬ್ರಷ್ ಎತ್ತಿ ಹಿಡಿದು ಅಳತೆ. ಕಾಗದಕ್ಕೆ ಬಣ್ಣ ಬೀಳುವ ಮೊದಲೇ ಊರಲ್ಲಿ ಸುದ್ದಿಯಾಯಿತು: ಸರ್ವೆಯವರು ಬಂದಿದ್ದಾರೆ.

ಜಲವರ್ಣದಲ್ಲಿ ಬಿಳುಪು ಬೇಕಾದರೆ ಕಾಗದವನ್ನೇ ಖಾಲಿ ಬಿಡಬೇಕು. ಗುಡವಿ ಪಕ್ಷಿಧಾಮದ ಕಡೆಯಿಂದ ಬಂದವೇನೋ, ನಾಲ್ಕಾರು ಬೆಳ್ಳಕ್ಕಿ ಕೂತಿದ್ದವು. ಅವುಗಳಿಗೆ ಜಾಗ ಬಿಟ್ಟು, ಸುತ್ತ ನೀರು ಬಳಿದು, ಆ ಒದ್ದೆಯ ಮೇಲೆ ಪ್ರಷ್ಯನ್ ಬ್ಲೂ ಇಳಿಸಿದೆ. ಮಳೆಗಾಲದ ಮಲೆನಾಡ ಸೆರಗು. ಹಪ್ಪಳವೇ ಒಣಗದ ಹವೆಯಲ್ಲಿ ಕಾಗದ ಎಲ್ಲಿ ಒಣಗೀತು? ನೀಲಿ ಹೊರಟಿತು. ಮೊದಲು ಬೆಳ್ಳಕ್ಕಿಗಳು ಮುಳುಗಿದವು. ಆಮೇಲೆ ಏರಿ. ಆಮೇಲೆ ಬಲಗಡೆಯ ಅಡಿಕೆ ತೋಟದೊಳಕ್ಕೆ ನುಗ್ಗಿ ನಾಲ್ಕು ಸಾಲು ಮರ ನುಂಗಿ ನಿಂತಿತು.

‘ಸಾರ್, ಕೆರೆ ಅಲ್ಲಿತನ್ಕ ಇಲ್ಲ,’ ಎಂದಿತು ಹಿಂದಿನಿಂದ ಒಂದು ನಡುಗುವ ದನಿ. ತೋಟದ ಯಜಮಾನರು.

‘ಐತೆ!’ ಎಂದಿತು ಇನ್ನೊಂದು ದನಿ. ‘ನಮ್ಮಜ್ಜ ಹೇಳ್ತಿದ್ದ. ಸಾಹೇಬ್ರು ಹಳೇ ನಕ್ಷೆ ನೋಡ್ಕೊಂಡೇ ಬಂದಾರೆ.’

ಇದು ನಕ್ಷೆಯಲ್ಲ, ನನ್ನ ಭಾವಾಭಿವ್ಯಕ್ತಿ ಎಂದೆ. ಭಾವನೆಗೆ ಸರ್ವೆ ನಂಬರ್ ಎಷ್ಟು ಎಂದು ಒಬ್ಬ ಕೇಳಿದ. ಯಜಮಾನರ ಮುಖ ನೋಡಲಾರದೆ ಟಿಶ್ಯೂ ಒತ್ತಿ ನೀಲಿಯನ್ನು ಹಿಂದೆಳೆಯಲು ಹೋದೆ. ಪ್ರಷ್ಯನ್ ಬ್ಲೂ ಹಾಗೆಲ್ಲ ಬಿಟ್ಟುಕೊಡುವ ಜಾತಿಯಲ್ಲ. ಉಜ್ಜಿದಷ್ಟೂ ಕೆರೆ ಆಳವಾಯಿತು, ಕಾಗದ ನೂಲುನೂಲಾಗಿ ಎದ್ದಿತು.

ಸೊರಬದ ಕಡೆಯಿಂದ ನೆಂಟರ ಮನೆಗೆ ಬಂದಿದ್ದ ಅಜ್ಜಿಯೊಬ್ಬರು ಇದನ್ನೆಲ್ಲ ನೋಡುತ್ತ ನಿಂತಿದ್ದರು. ಆ ಕಡೆ ದೀವರು ಸಮುದಾಯದ ಮನೆಗಳ ಹೆಂಗಸರು ಕೆಮ್ಮಣ್ಣಿನ ಗೋಡೆಗೆ ಅಕ್ಕಿಹಿಟ್ಟಿನ ಬಿಳುಪಿನಲ್ಲಿ ಹಸೆ ಚಿತ್ತಾರ ಬರೆಯುತ್ತಾರೆ; ಕುಂಚ ಪುಂಡಿನಾರಿನದು, ಹಳದಿ ಗುರಿಗೆ ಬೀಜದ್ದು. ಕೂದಲೆಳೆಯಂಥ ಗೆರೆ, ಒಂದಿಷ್ಟೂ ಅತ್ತಿತ್ತ ಇಲ್ಲ. ಅಜ್ಜಿ ನನ್ನ ವಿದೇಶಿ ಬ್ರಷ್ಷನ್ನು ತಿರುಗಿಸಿ ನೋಡಿ, ‘ಗೆರೆ ನಿಲ್ಲಲ್ವಲ್ಲೋ ತಮ್ಮಾ, ಯಾರತ್ರ ಕಲ್ತೆ?’ ಎಂದರು. ರುಮಾಲೆಯವರ ಹೆಸರು ಹೇಳಿ ಅವರ ಮಾನ ಕಳೆಯಲು ಮನಸ್ಸಾಗಲಿಲ್ಲ.

ಅಷ್ಟರಲ್ಲಿ ಮೊಬೈಲುಗಳು ಹೊರಬಂದವು. ಫೋಟೋ ತೆಗೆಯಲು ಒಬ್ಬ ಮುಂದೆ ಬಂದಾಗ ಯಜಮಾನರು ಚಿತ್ರವನ್ನು ಟವೆಲ್ಲಿನಿಂದ ಮುಚ್ಚಿ, ನನ್ನನ್ನು ರಟ್ಟೆ ಹಿಡಿದು ಮನೆಗೆ ಕರೆದೊಯ್ದರು. ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ, ಕಾಫಿ ಆಯಿತು. ಕೊನೆಗೆ ಐನೂರರ ನೋಟೊಂದನ್ನು ನನ್ನ ಜೇಬಿಗೆ ತುರುಕಿ, ಚಿತ್ರವನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದರು. ನನ್ನ ಚಿತ್ರವೊಂದು ಮಾರಾಟವಾದದ್ದು ಅದೇ ಮೊದಲು.

ಬಸ್ಸು ಹತ್ತಿಸುವಾಗ ಯಜಮಾನರು ಕಿವಿಯ ಹತ್ತಿರ ಬಾಗಿ ಕೇಳಿದರು: ‘ಇನ್ನೊಂದು ಕಾಪಿ ಇಲ್ಲ ತಾನೇ?’