ಬಿಸಿಲೂರಿನಲ್ಲಿ ಬಿಸಿನೀರ ಕೊಳವೆ

ಏಪ್ರಿಲ್ ಮುಗಿಯುವ ಹೊತ್ತಿಗೆ ಬಿಸಿಲು 40 ಡಿಗ್ರಿ ದಾಟುವ ಹೈದರಾಬಾದಿನಲ್ಲಿ ಕಾರಿಗೆ ಹೀಟರು ಇರಿಸಿಕೊಳ್ಳುವುದು ಬಳ್ಳಾರಿಗೆ ಬಿಸಿಲು ಸಾಗಿಸಿದಂತೆ ಎಂಬ ಅಭಿಪ್ರಾಯ ಮೇಲ್ನೋಟಕ್ಕೆ ನಿರ್ವಿವಾದವಾದುದು. ಹೀಟರು ಎಂದರೆ ಡ್ಯಾಶ್‌ಬೋರ್ಡಿನ ಹಿಂದೆ ಅವಿತಿರುವ ಪುಟ್ಟ ರೇಡಿಯೇಟರ್. ಇಂಜಿನ್ನನ್ನು ತಂಪಾಗಿಸಿ ತಾನು ಕಾದ ಕೂಲಂಟ್, ಅಂದರೆ ಗ್ಲೈಕಾಲ್ ಬೆರೆತ ನೀರು, ಒಂದು ರಬ್ಬರ್ ಪೈಪಿನಲ್ಲಿ ಅದರೊಳಗೆ ಹೊಕ್ಕು, ತನ್ನ ಕಾವನ್ನು ಫ್ಯಾನಿನ ಗಾಳಿಗೆ ಒಪ್ಪಿಸಿ, ಇನ್ನೊಂದು ಪೈಪಿನಲ್ಲಿ ಹಿಂದಿರುಗುತ್ತದೆ. ಬಚ್ಚಲ ಹಂಡೆಯ ನೀರಿಗೆ ನಡುಮನೆಯ ಪ್ರದಕ್ಷಿಣೆ ಹಾಕಿಸಿ ಮರಳಿ ಹಂಡೆಗೇ ಸುರಿಯುವ ಏರ್ಪಾಡು ಇದು.

ಈ ಏರ್ಪಾಡು ಪೇಚಿಗೆ ಸಿಲುಕುವುದು ಹಳೆಯ ಕಾರಿಗೆ ಬೇರೆ ಇಂಜಿನ್ ಕೂರಿಸಿದಾಗ; ಅಂಥ ಮರುಮದುವೆಗೆ ನಮ್ಮಲ್ಲಿ ಮೇಲ್ಪಂಕ್ತಿ ಇಲ್ಲದಿಲ್ಲ. 1489 ಸಿಸಿಯ ಬ್ರಿಟಿಷ್ ಮೂಲದ ಇಂಜಿನ್ನಿನೊಡನೆ ಬಹುಕಾಲ ಸಂಸಾರ ನಡೆಸಿದ ಅಂಬಾಸಿಡರಿಗೆ 1990ರ ದಶಕದಲ್ಲಿ ಹಿಂದುಸ್ತಾನ್ ಮೋಟರ್ಸ್ ಸಂಸ್ಥೆಯೇ 1.8 ಲೀಟರಿನ ಜಪಾನಿ ಇಸುಜುವನ್ನು ತಂದು ಕಟ್ಟಿತ್ತು. 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮು ಇಂಥ ಬದಲಾವಣೆಯ ಮೇಲೆ ಕಣ್ಣಿಟ್ಟು ಆರ್‌ಟಿಓ ಕಚೇರಿಯ ದಾರಿ ತೋರಿಸುತ್ತದೆಯಾದರೂ, ಹೀಟರಿನ ಪೈಪು ಯಾವ ದಾರಿಯಲ್ಲಿ ಹೋಗಬೇಕೆಂಬ ಬಗ್ಗೆ ಘನವಾದ ಮೌನ ವಹಿಸಿದೆ.

ತೊಡಕೆಲ್ಲ ಇರುವುದು ಆ ಮೌನದಲ್ಲಿಯೇ. ಹೊಸ ಇಂಜಿನ್ನಿನ ಬಿಸಿನೀರಿನ ಮೂತಿ ಎಡಕ್ಕೆ ಮುಖ ಮಾಡಿದ್ದು ಹೀಟರಿನ ಮೂತಿಗಳು ಬಲಕ್ಕಿದ್ದರೆ, ನಡುವಿನ ಪೈಪು ಕಾದ ಎಕ್ಸಾಸ್ಟ್ ಮ್ಯಾನಿಫೋಲ್ಡನ್ನು, ಅಂದರೆ ಹೊಗೆ ಹೊರಹಾಕುವ ಬೀಡಿನ ಕವಲನ್ನು, ಮಡಿಯುಟ್ಟವರು ಮೈಲಿಗೆಯನ್ನು ದಾಟುವಂತೆ ಮುಟ್ಟದೆ ದಾಟಬೇಕು; ಬಿಗಿಯಾಗಿ ಬಗ್ಗಿಸಿದರೆ ಅದು ಮಡಚಿಕೊಂಡು ನೀರನ್ನೇ ತಡೆಯುತ್ತದೆ, ಎತ್ತರದಲ್ಲಿ ಕಮಾನು ಕಟ್ಟಿದರೆ ಅಲ್ಲಿ ಗಾಳಿ ಸಿಕ್ಕಿಕೊಳ್ಳುತ್ತದೆ, ತೀರ ಎಳೆದು ಕಟ್ಟಿದರೆ ರಬ್ಬರ್ ಮೌಂಟುಗಳ ಮೇಲೆ ತೂಗಾಡುವ ಇಂಜಿನ್ ಒಂದು ದಿನ ಅದನ್ನು ಕಿತ್ತುಕೊಂಡೇ ಬಿಡುತ್ತದೆ. ಆದ್ದರಿಂದ ವಾಹನದ ಬಿಡಿಭಾಗಗಳ ಪೇಟೆಯಾದ ರಾಣಿಗಂಜಿನ ಅಂಗಡಿಸಾಲಿನಲ್ಲಿ ಕಾರಿನ ಹೆಸರು ಹೇಳಿ ಪೈಪು ಕೇಳುವುದರಿಂದ ಪ್ರಯೋಜನವಿಲ್ಲ. ಗಾಳಿಯಲ್ಲಿ ಕೈಯಾಡಿಸಿ ತಿರುವುಗಳನ್ನು ಅಭಿನಯಿಸಿ, ಬೇರಾವುದೋ ಗಾಡಿಗೆಂದು ಅಚ್ಚಿನಲ್ಲಿ ಬಗ್ಗಿಸಿದ ಪೈಪನ್ನು ಆರಿಸಿ, ಬೇಕಾದಷ್ಟು ಕತ್ತರಿಸಿಕೊಳ್ಳಬೇಕು. ಈ ಅಭಿನಯದಲ್ಲಿ ಕಥಕ್ಕಳಿಯ ಸೊಗಸು ಕಾಣದವರು ಅರಸಿಕರು.

ಮೆಕ್ಯಾನಿಕರ ತೀರ್ಪಾದರೋ ಇಷ್ಟು ದೀರ್ಘವಲ್ಲ. “ಕಾಯ್ಕು? ನಕ್ಕೋ” ಎಂಬ ಎರಡು ದಖನಿ ಪದಗಳಲ್ಲಿ, ಅಂದರೆ “ಯಾಕೆ? ಬೇಡ” ಎಂಬಷ್ಟರಲ್ಲಿ, ಅದು ಮುಗಿಯುತ್ತದೆ (1956ರವರೆಗೆ ಹೈದರಾಬಾದ್ ರಾಜ್ಯದಲ್ಲಿದ್ದ ಕಲಬುರಗಿ, ಬೀದರಿನವರಿಗೆ ಈ ಅನುವಾದ ಅನವಶ್ಯಕ). ಬಳಿಕ ಇಂಜಿನ್ನಿನ ಎರಡು ಮೂತಿಗಳನ್ನು ಒಂದೇ ತುಂಡು ಪೈಪಿನಿಂದ ಕೂಡಿಸಿ, ಎರಡು ಕ್ಲಿಪ್ಪು ಬಿಗಿದು, ಹೀಟರನ್ನು ಸಂಸಾರದಿಂದ ಹೊರಗಿಡಲಾಗುತ್ತದೆ. ಮೂತಿಗಳನ್ನು ಮುಚ್ಚಿಬಿಡದೆ ಹೀಗೆ ಕೂಡಿಸುವುದರಲ್ಲಿ ವಿವೇಕವಿದೆ. ಥರ್ಮೋಸ್ಟಾಟ್, ಅಂದರೆ ಇಂಜಿನ್ ಕಾಯುವ ತನಕ ರೇಡಿಯೇಟರಿನ ಬಾಗಿಲು ತೆರೆಯದ ಕವಾಟ, ಮುಚ್ಚಿರುವಾಗ ಕೆಲವು ಇಂಜಿನ್ನುಗಳ ನೀರು ಸುತ್ತುವುದು ಈ ದಾರಿಯಲ್ಲೇ.

ಹೀಟರನ್ನು ಉಳಿಸಿಕೊಂಡ ಹಟಮಾರಿಗಳ ಪಾಲಿಗೆ ಅದರ ಸಾರ್ಥಕ್ಯ ಒದಗುವುದು ಚಳಿಯಲ್ಲಲ್ಲ, ಮೇ ತಿಂಗಳ ಮೆಹದಿಪಟ್ಣಂ ಸಿಗ್ನಲಿನಲ್ಲಿ. ಕಾವಿನ ಮುಳ್ಳು ಕೆಂಪಿಗೆ ಏರತೊಡಗಿದಾಗ ಹೀಟರನ್ನು ಪೂರ್ತಿ ತಿರುಗಿಸಿದರೆ ಅದು ಎರಡನೆಯ ರೇಡಿಯೇಟರಾಗಿ ಇಂಜಿನ್ನಿನ ಉರಿಯನ್ನು ಹೀರಿ ಒಳಗೆ ಕುಳಿತವರಿಗೆ ಹಂಚುತ್ತದೆ. ನಾಲ್ಕೂ ಕಿಟಕಿ ಇಳಿಸಿ, ಮಟಮಟ ಮಧ್ಯಾಹ್ನ ಹೀಟರು ಹಾಕಿಕೊಂಡು ಬೆವರುತ್ತಿರುವ ಆ ಕುಟುಂಬವನ್ನು ಪಕ್ಕದ ಆಟೋದವನು ನೋಡುವ ನೋಟದಲ್ಲಿ ಉಷ್ಣಶಾಸ್ತ್ರದ ಮೇಲಿನ ಗೌರವ ತೀರ ಕಡಿಮೆಯಿರುತ್ತದೆ.