ಗ್ರಾಮಿನ ಕಲ್ಲು, ಟಿಪ್ಪರಿನ ಕಲ್ಲು

ಹೈದರಾಬಾದಿನ ವಾಯವ್ಯ ದಿಕ್ಕಿನಲ್ಲಿರುವ ಮಿಯಾಪುರವು ಮೆಟ್ರೋ ರೈಲಿನ ಕೆಂಪು ಮಾರ್ಗದ ತುದಿಯೆಂದೂ ಮುಂಬಯಿ ಹೆದ್ದಾರಿಗೆ ಅಂಟಿಕೊಂಡ ದಟ್ಟ ವಸತಿ ಪ್ರದೇಶವೆಂದೂ ಇಂದು ಪರಿಚಿತವಾಗಿದ್ದರೂ, ಅಲ್ಲಿಯ ಮೂಲನಿವಾಸಿ ಗ್ರಾನೈಟ್ ಶಿಲೆ. ಭೂಮಿಯ ಆಳದಲ್ಲಿ ಕರಗಿದ ಶಿಲಾಪಾಕವು ನಿಧಾನವಾಗಿ ತಣಿದು ಬೆಣಚು, ಫೆಲ್ಡ್‌ಸ್ಪಾರ್ ಮತ್ತು ಅಭ್ರಕಗಳ ಹರಳುಗಳಾಗಿ ಗಟ್ಟಿಯಾದಾಗ ಉಂಟಾಗುವ ಈ ಶಿಲೆಗೆ ಹೈದರಾಬಾದಿನ ಸುತ್ತಮುತ್ತ ಸುಮಾರು 250 ಕೋಟಿ ವರ್ಷಗಳ ವಯಸ್ಸನ್ನು ಭೂವಿಜ್ಞಾನಿಗಳು ಕೊಡುತ್ತಾರೆ. ಮೇಲಿನ ಹೊರೆ ಸವೆದುಹೋದಂತೆ ಶಿಲೆ ಬಿರಿದು, ಬಿರುಕುಗಳಲ್ಲಿ ನೀರಿಳಿದು, ಮೂಲೆಗಳು ಮೊದಲು ಕರಗಿ, ಈರುಳ್ಳಿಯ ಸಿಪ್ಪೆಯಂತೆ ಪದರ ಕಳಚಿ, ಕೊನೆಗೆ ಯಾರೋ ಎತ್ತಿ ಒಂದರ ಮೇಲೊಂದು ಇಟ್ಟಂತೆ ಕಾಣುವ ದುಂಡು ಬಂಡೆಗಳು ಉಳಿಯುತ್ತವೆ.

ಇಲ್ಲಿ ಸಂದರ್ಶನ ನೀಡಿರುವುದು ಅಂಥದೊಂದು ಬಂಡೆ. ಎರಡು ಬಹುಮಹಡಿ ಕಟ್ಟಡಗಳ ನಡುವೆ, ಮೂರನೆಯದು ಏಳಬೇಕಾದ ಜಾಗದಲ್ಲಿ ಅದು ಕುಳಿತಿದ್ದು, ಬೆನ್ನಿನ ಮೇಲೆ ಸುಣ್ಣದಿಂದ ಬರೆದ 17 ಎಂಬ ಅಂಕಿಯಿದೆ. ಅದು ಕನ್ನಡದಲ್ಲಿ ಉತ್ತರಿಸಿದ್ದರಲ್ಲಿ ಆಶ್ಚರ್ಯಪಡುವಂಥದ್ದೇನೂ ಇಲ್ಲ. ಬೀದರ, ಕಲಬುರಗಿ, ರಾಯಚೂರು ಜಿಲ್ಲೆಗಳು 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿಯೇ ಇದ್ದವು, ಬೀದರದ ಬಸ್ಸು ಇಂದಿಗೂ ಜಹೀರಾಬಾದ್, ಪಟಾನ್‌ಚೆರು ದಾಟಿ ಇದೇ ಹೆದ್ದಾರಿಯಲ್ಲಿ ನಗರವನ್ನು ಹೊಗುತ್ತದೆ. ಬಂಡೆಯು ತನ್ನನ್ನು ಕುರಿತು ಉತ್ತಮ ಪುರುಷದಲ್ಲಿ ಮಾತನಾಡುವುದಿಲ್ಲವೆಂಬುದನ್ನು ಓದುಗರು ಗಮನಿಸಬೇಕು. ಇಡೀ ನಗರದ ಅಡಿಗೆ ಹಬ್ಬಿರುವ ಶಿಲಾರಾಶಿಯ ಒಂದು ಮೊಳಕೆಯು ತಾನು ಇಲ್ಲಿಂದ ಇಲ್ಲಿಯವರೆಗೆ ಎಂದು ಹೇಳಿಕೊಳ್ಳುವುದು ಪ್ರಾಮಾಣಿಕವಲ್ಲವೆಂದೂ, ಹಾಗೆ ಗಡಿ ಗುರುತಿಸಬಲ್ಲವರು ಸಬ್ ರಿಜಿಸ್ಟ್ರಾರ್ ಕಚೇರಿಯವರು ಮಾತ್ರವೆಂದೂ ಅದರ ನಿಲುವು.

ಸಂದರ್ಶಕ: ಚಂದ್ರನಿಂದಲೂ ಕ್ಷುದ್ರಗ್ರಹಗಳಿಂದಲೂ, ಅಂದರೆ ಗ್ರಹವಾಗುವಷ್ಟು ಬೆಳೆಯದೆ ಸೂರ್ಯನನ್ನು ಸುತ್ತುತ್ತಿರುವ ಕಲ್ಲುಗುಪ್ಪೆಗಳಿಂದಲೂ, ಮಾದರಿ ತರುವ ಯತ್ನಗಳ ಬಗ್ಗೆ ತಮಗೆ ಅಸಮಾಧಾನವಿದೆಯೆಂಬ ಮಾತು ಕೇಳಿಬರುತ್ತದೆ.

ಬಂಡೆ: ಅಸಮಾಧಾನವಲ್ಲ, ತೂಕದ ಲೆಕ್ಕ. ಅಮೆರಿಕದ ಒಸೈರಿಸ್-ರೆಕ್ಸ್ ನೌಕೆಯು 2016ರಲ್ಲಿ ಹೊರಟು, 2020ರ ಅಕ್ಟೋಬರ್ 20ರಂದು ಬೆನ್ನು ಎಂಬ ಕ್ಷುದ್ರಗ್ರಹದ ಬೆನ್ನು ಮುಟ್ಟಿ, 2023ರ ಸೆಪ್ಟೆಂಬರ್ 24ರಂದು ಯೂಟಾದ ಮರುಭೂಮಿಯಲ್ಲಿ ಇಳಿಸಿದ ಗಂಟಿನ ತೂಕ 121.6 ಗ್ರಾಂ. ಜಪಾನಿನ ಹಯಬುಸಾ-2 ನೌಕೆ ರ್ಯುಗು ಎಂಬ ಇನ್ನೊಂದು ಕ್ಷುದ್ರಗ್ರಹದಿಂದ 2020ರ ಡಿಸೆಂಬರಿನಲ್ಲಿ ತಂದದ್ದು ಸುಮಾರು 5.4 ಗ್ರಾಂ, ಎಂದರೆ ಒಂದು ಲೋಟ ಚಹಾಕ್ಕೆ ಹಾಕುವ ಸಕ್ಕರೆಯಷ್ಟು. ಬೆನ್ನುವಿನ ಡಬ್ಬಿಗೆ ಹಾಕಿದ್ದ 35 ತಿರುಪುಗಳಲ್ಲಿ ಎರಡು ಬಿಗಿದುಕೊಂಡಾಗ, ಒಳಗಿನ ಪುಡಿಗೆ ಧಕ್ಕೆ ತಗಲಬಾರದೆಂದು ಅವೆರಡಕ್ಕಾಗಿಯೇ ಹೊಸ ಸಾಧನಗಳನ್ನು ಮಾಡಿಸಿ, 2024ರ ಜನವರಿಯವರೆಗೆ ಕಾದರು. ಇಲ್ಲಿ ಕಂಪ್ರೆಸರಿನ ಹುಡುಗನು ಬೆಳಿಗ್ಗೆ ಕುಳಿ ಕೊರೆದು, ಜಿಲೆಟಿನ್ ಕಡ್ಡಿ ತುರುಕಿ, ಊಟದ ಹೊತ್ತಿಗೆ ನಾಲ್ಕು ಟಿಪ್ಪರ್ ಮಾದರಿಯನ್ನು ಹೊರತೆಗೆಯುತ್ತಾನೆ. ಅದನ್ನು ಮಾದರಿ ಎನ್ನದೆ ಜಲ್ಲಿ ಎನ್ನುವುದೊಂದೇ ವ್ಯತ್ಯಾಸ. ಹೆಸರಿನಲ್ಲಿಯೇ ಕ್ಷುದ್ರವೆಂದು ಬರೆಸಿಕೊಂಡವರಿಗೆ ನೈಟ್ರೋಜನ್ ತುಂಬಿದ ಗಾಜಿನ ಪೆಟ್ಟಿಗೆ, ಇಲ್ಲಿಯವರಿಗೆ ತಾಡಪತ್ರಿಯೂ ಇಲ್ಲ.

ಸಂದರ್ಶಕ: ಹೋಲಿಕೆಯು ನ್ಯಾಯವಾದದ್ದಲ್ಲವೆಂದು ವಿಜ್ಞಾನಿಗಳು ಹೇಳಬಹುದು. ಬೆನ್ನುವಿನ ಪುಡಿಯಲ್ಲಿ ಸುಮಾರು 456 ಕೋಟಿ ವರ್ಷಗಳ ಹಿಂದಿನ, ಸೌರಮಂಡಲ ಹುಟ್ಟಿದ ಕಾಲದ ವಸ್ತು ಹೆಚ್ಚು ಕೆಡದೆ ಉಳಿದಿದೆ. ಜೀವಿಗಳ ಪ್ರೋಟೀನುಗಳಲ್ಲಿ ಬರುವ 20 ಅಮೈನೊ ಆಮ್ಲಗಳ ಪೈಕಿ 14 ಅದರಲ್ಲಿ ಸಿಕ್ಕಿವೆ, ಉಪ್ಪುನೀರು ಆರಿ ಉಳಿದ ಲವಣಗಳೂ ಸಿಕ್ಕಿವೆ. ಗ್ರಾನೈಟ್ ಒಮ್ಮೆ ಕರಗಿ ಮತ್ತೆ ಗಟ್ಟಿಯಾದ ಶಿಲೆಯಾದ್ದರಿಂದ ಅದರ ಹಳೆಯ ದಾಖಲೆಗಳೆಲ್ಲ ಅಳಿದುಹೋಗಿವೆ.

ಬಂಡೆ: ಆ ಮಾತನ್ನು ಒಪ್ಪಲೇಬೇಕು. ಬೆನ್ನು ಬಾಲ್ಯದಲ್ಲಿಯೇ ನಿಂತುಹೋದ ಕಲ್ಲು, ಅದಕ್ಕೆ ಬಾಲ್ಯ ಚೆನ್ನಾಗಿ ನೆನಪಿದೆ. ಆದರೆ ಗ್ರಾನೈಟ್ ಆಗುವುದು ಸುಲಭದ ಕೆಲಸವೆಂದು ತಿಳಿಯಬಾರದು. ಮೊದಲಿನ ಶಿಲೆಯೊಂದು ನೀರಿನ ಅಂಶದೊಡನೆ ಮತ್ತೆ ಕರಗಬೇಕು, ಹಗುರ ಭಾಗವು ಮೇಲೇರಬೇಕು, ಅದು ನೆಲದಡಿಯಲ್ಲಿಯೇ ಬಹುಕಾಲ ತಣಿಯಬೇಕು. ನೀರಿಲ್ಲದ ಚಂದ್ರನಲ್ಲಿ ಈ ಶಿಲೆ ತೀರ ವಿರಳವಾಗಿರುವುದಕ್ಕೆ ಕಾರಣವೇ ಅದು. ಚಂದ್ರನ ಆಚೆಯ ಮಗ್ಗುಲಿನ ಕಾಂಪ್ಟನ್-ಬೆಲ್ಕೊವಿಚ್ ಎಂಬಲ್ಲಿ, ಚೀನಾದ ಚಾಂಗ್-ಎ ನೌಕೆಗಳು ಅಳೆದ ಸೂಕ್ಷ್ಮತರಂಗಗಳ ಆಧಾರದಿಂದ, ಸುಮಾರು 50 ಕಿಲೋಮೀಟರ್ ಅಗಲದ ಗ್ರಾನೈಟ್ ರಾಶಿಯು ನೆಲದಡಿ ಹುದುಗಿದೆಯೆಂದು 2023ರಲ್ಲಿ ಪ್ರಕಟವಾದಾಗ ಜಗತ್ತಿನ ಪತ್ರಿಕೆಗಳು ಅದನ್ನು ಸುದ್ದಿ ಮಾಡಿದವು. ಮಿಯಾಪುರದಲ್ಲಿ ಗ್ರಾನೈಟ್ ಸಿಕ್ಕರೆ ಅದು ಸುದ್ದಿಯಲ್ಲ, ಪಾಯ ತೋಡುವ ಗುತ್ತಿಗೆದಾರನು ದರ ಏರಿಸುವುದಕ್ಕೆ ಒಂದು ನೆಪ.

ಸಂದರ್ಶಕ: ಹಾಗಾದರೆ ಚಂದ್ರಯಾನ-3 ಕಂಡದ್ದೇನು?

ಬಂಡೆ: 2023ರ ಆಗಸ್ಟ್ 23ರ ಸಂಜೆ 6 ಗಂಟೆ 4 ನಿಮಿಷಕ್ಕೆ ವಿಕ್ರಮ್ ಇಳಿದ ಮೇಲೆ, 26 ಕಿಲೋ ತೂಕದ ಪ್ರಗ್ಯಾನ್ ಬಂಡಿಯು ನೂರು ಮೀಟರಿನಷ್ಟು ಸುತ್ತಾಡಿ, ಹಲವು ಕಡೆ ಮಣ್ಣಿನ ಧಾತುಗಳನ್ನು ಅಳೆಯಿತು. ಆ ಮಣ್ಣು ಅನಾರ್ಥೊಸೈಟ್ ಎಂಬ, ಬಹುಪಾಲು ಫೆಲ್ಡ್‌ಸ್ಪಾರಿನಿಂದಾದ ಬಿಳಿಛಾಯೆಯ ಶಿಲೆಗೆ ಹೊಂದುತ್ತದೆಂದೂ, ಎಳೆಯ ಚಂದ್ರನು ಒಮ್ಮೆ ಕರಗಿದ ಶಿಲೆಯ ಕಡಲಾಗಿದ್ದು ಹಗುರವಾದ ಫೆಲ್ಡ್‌ಸ್ಪಾರ್ ಕೆನೆಯಂತೆ ಮೇಲೆ ತೇಲಿತೆಂಬ ಹಳೆಯ ಊಹೆಗೆ ಅದರಿಂದ ಬಲ ಬಂದಿತೆಂದೂ ಮರುವರ್ಷ ಪ್ರಕಟವಾಯಿತು. ಚಂದ್ರನ ಮುಖದಲ್ಲಿ ಮೊಲವೋ ಜಿಂಕೆಯೋ ಕಾಣಿಸುವ ಕಪ್ಪು ಭಾಗ ಮಾತ್ರ ಬಸಾಲ್ಟ್, ಅಂದರೆ ಹರಿದು ಗಟ್ಟಿಯಾದ ಲಾವಾ. ಬೀದರದ ಕೆಂಪು ಜಂಬಿಟ್ಟಿಗೆಯ ಕೆಳಗಿರುವುದೂ ಬಸಾಲ್ಟೇ. ಅದರ ವಯಸ್ಸು ಸುಮಾರು 6.6 ಕೋಟಿ ವರ್ಷ, ಚಂದ್ರನದಕ್ಕೆ ಬಹುಮಟ್ಟಿಗೆ 300 ಕೋಟಿಯ ಮೇಲೆ. ಬೀದರದಿಂದ ಬಸ್ಸು ಹತ್ತಿ ಮಿಯಾಪುರದಲ್ಲಿ ಇಳಿದವರು ಚಂದ್ರನಲ್ಲಿ ಹೇರಳವಾಗಿರುವ ಜಾತಿಯ ಶಿಲೆಯಿಂದ ಹೊರಟು ಚಂದ್ರನಲ್ಲಿ ಸಿಕ್ಕುವುದೇ ಅಪರೂಪವಾದ ಶಿಲೆಗೆ ಬಂದು ಸೇರಿರುತ್ತಾರೆ. ಅವರು ಇಷ್ಟು ದೂರ ಬಂದದ್ದು ಸೀಟು ಸಿಗಲಿಲ್ಲವೆಂದು ಕಂಡಕ್ಟರನೊಡನೆ ಜಗಳವಾಡುತ್ತ.

ಸಂದರ್ಶಕ: ನೆಲದ ಕಲ್ಲುಗಳನ್ನು ಬಾಹ್ಯಾಕಾಶ ಸಂಸ್ಥೆಗಳು ಕಡೆಗಣಿಸಿವೆಯೆಂಬುದು ಪೂರ್ತಿ ನಿಜವಲ್ಲ. ತಮಿಳುನಾಡಿನ ನಾಮಕ್ಕಲ್ ಬಳಿಯ ಸಿತ್ತಂಪೂಂಡಿಯ ಅನಾರ್ಥೊಸೈಟನ್ನು ಪುಡಿ ಮಾಡಿ, ಚಂದ್ರನ ಮಣ್ಣಿನ ಪ್ರತಿರೂಪವೆಂದು ಬೆಂಗಳೂರಿನ ಪರೀಕ್ಷಾ ಅಂಗಳದಲ್ಲಿ ಹರಡಿ, ಲ್ಯಾಂಡರ್ ಮತ್ತು ಬಂಡಿಗಳನ್ನು ಅದರ ಮೇಲೆ ಪರೀಕ್ಷಿಸಲಾಯಿತಲ್ಲವೇ?

ಬಂಡೆ: ನಾಮಕ್ಕಲ್ಲಿನ ಬಂಧುವಿನ ಏಳಿಗೆಯನ್ನು ಈ ಬಂಡೆ ಮನಸಾರೆ ಮೆಚ್ಚುತ್ತದೆ. ತಾನಾಗಿಯೇ ಇದ್ದಷ್ಟು ಕಾಲ ಆತನನ್ನು ಹೊರಗಿನವರು ಕೇಳಲಿಲ್ಲ. ಚಂದ್ರನ ವೇಷ ಹಾಕಿದ ಮೇಲೆ ಹತ್ತಾರು ಟನ್ನು ಲಾರಿಯೇರಿ ರಾಜಧಾನಿಗೆ ಬಂದ, ತಯಾರಿಕೆಯ ವಿಧಾನಕ್ಕೆ 2020ರಲ್ಲಿ ಪೇಟೆಂಟೂ ದೊರೆಯಿತು. ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆಯ ಬಳಿ, ಉಳ್ಳಾರ್ತಿ ಕಾವಲಿನಲ್ಲಿ, ಇಳಿಯುವ ನೌಕೆಯ ಸಂವೇದಕಗಳು ಕುಳಿಗಳನ್ನು ಗುರುತಿಸಬಲ್ಲವೇ ಎಂದು ನೋಡಲು ಸುಮಾರು 10 ಮೀಟರ್ ಅಗಲ, 3 ಮೀಟರ್ ಆಳದ ಗುಂಡಿಗಳನ್ನು ತೋಡಿ ವಿಮಾನ ಹಾರಿಸಿದರು. ಅಷ್ಟೊಂದು ಶ್ರಮ ಏಕೆಂಬುದು ತಿಳಿಯದು. ಮಿಯಾಪುರದಲ್ಲಿ ಪಾರ್ಕಿಂಗಿಗಾಗಿ ಮೂರು ಅಂತಸ್ತು ಕೆಳಗೆ ತೋಡಿ, ಬ್ಯಾಂಕಿನ ಕಂತು ನಿಂತು, ಮಳೆನೀರು ತುಂಬಿ ಹಾಗೆಯೇ ಉಳಿದ ಗುಂಡಿಗಳು ಯಾವ ಕಾಲಕ್ಕೂ ಸಿದ್ಧವಿರುತ್ತವೆ. ಅವುಗಳಲ್ಲಿ ಇಳಿಯಲು ಕಲಿತ ನೌಕೆಯು ಸೌರಮಂಡಲದಲ್ಲಿ ಎಲ್ಲಿಯೂ ಎಡವಲಾರದು.

ಸಂದರ್ಶಕ: ಸೂರ್ಯನ ಅಧ್ಯಯನಕ್ಕೆ 2023ರ ಸೆಪ್ಟೆಂಬರ್ 2ರಂದು ಹೊರಟ ಆದಿತ್ಯ-ಎಲ್1 ಬಗ್ಗೆ ತಮ್ಮ ಅಭಿಪ್ರಾಯವೇನು?

ಬಂಡೆ: ಆ ನೌಕೆ ಇರುವುದು ಭೂಮಿಯಿಂದ ಸೂರ್ಯನ ಕಡೆಗೆ 15 ಲಕ್ಷ ಕಿಲೋಮೀಟರ್ ದೂರದಲ್ಲಿ, ಮೊದಲನೆಯ ಲ್ಯಾಗ್ರಾಂಜ್ ಬಿಂದುವಿನ ಸುತ್ತ, ಸೂರ್ಯ ಮತ್ತು ಭೂಮಿ ಎರಡರ ಸೆಳೆತವೂ ಸೇರಿ, ಅಲ್ಲಿರುವ ವಸ್ತುವು ಭೂಮಿಯೊಡನೆ ಹೆಜ್ಜೆ ತಪ್ಪದೆ ಸೂರ್ಯನನ್ನು ಸುತ್ತುವಂತೆ ಮಾಡುವ ಸ್ಥಾನವದು. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯವರು ಹೊಸಕೋಟೆಯಲ್ಲಿ ಜೋಡಿಸಿದ ಕರೋನಾಗ್ರಾಫ್ ಎಂಬ ಉಪಕರಣ ಅದರಲ್ಲಿದೆ. ಸೂರ್ಯನ ಬಿಂಬವನ್ನು ಮರೆಮಾಡಿ, ಸಾಮಾನ್ಯವಾಗಿ ಪೂರ್ಣಗ್ರಹಣದಲ್ಲಿ ಮಾತ್ರ ಕಾಣುವ ಹೊರವಲಯವನ್ನು, ಅಂದರೆ ಕರೋನಾವನ್ನು, ಸದಾ ನೋಡುವಂತೆ ಮಾಡುವುದು ಅದರ ಕೆಲಸ. ಬಂಡೆಗೆ ಇದರ ತತ್ತ್ವ ಬೇಗ ಅರ್ಥವಾಯಿತು. ಪಡುವಣ ಮಗ್ಗುಲಿನ ಅಪಾರ್ಟ್‌ಮೆಂಟು ಮೇಲೇಳುತ್ತ ಬಂದ ಹಾಗೆ ಇಲ್ಲಿಯ ಗ್ರಹಣವು ಸಂಜೆ ಐದರಿಂದ ನಾಲ್ಕಕ್ಕೆ, ನಾಲ್ಕರಿಂದ ಮೂರಕ್ಕೆ ಹಿಂಜರಿದು, ಈಗ ಊಟ ಮುಗಿಯುತ್ತಿದ್ದಂತೆಯೇ ಹಿಡಿಯುತ್ತದೆ. ಮರೆಮಾಡುವ ಭಾಗವನ್ನು ಬಿಲ್ಡರ್ ಉಚಿತವಾಗಿ ಒದಗಿಸಿದ್ದಾನೆ, ಕರೋನಾ ಕಾಣುವ ಭಾಗವಷ್ಟೇ ಬಾಕಿ.

ಸಂದರ್ಶಕ: ಭೂಮಿಗೆ ಬಡಿಯಬಹುದಾದ ಕಲ್ಲುಗಳಿಂದ ಮನುಷ್ಯರನ್ನು ರಕ್ಷಿಸುವ ಯತ್ನವಾದರೂ ಮೆಚ್ಚತಕ್ಕದ್ದಲ್ಲವೇ? 2022ರ ಸೆಪ್ಟೆಂಬರ್ 26ರಂದು ಡಾರ್ಟ್ ನೌಕೆಯು ಸುಮಾರು 160 ಮೀಟರ್ ಅಗಲದ ಕ್ಷುದ್ರಗ್ರಹ ಡಿಮಾರ್ಫಸ್‌ಗೆ ಢಿಕ್ಕಿ ಹೊಡೆದು, ಅದು ತನ್ನ ಜೊತೆಗಾರ ಡಿಡಿಮಾಸ್‌ಅನ್ನು ಸುತ್ತಲು ತೆಗೆದುಕೊಳ್ಳುತ್ತಿದ್ದ 11 ಗಂಟೆ 55 ನಿಮಿಷಗಳ ಅವಧಿಯನ್ನು 33 ನಿಮಿಷಗಳಷ್ಟು ತಗ್ಗಿಸಿತು.

ಬಂಡೆ: ಒಂದು ಢಿಕ್ಕಿಯಿಂದ ಪ್ರಯಾಣದ ಕಾಲ 33 ನಿಮಿಷ ಕಡಿಮೆಯಾಯಿತೆಂಬುದನ್ನು ಮಿಯಾಪುರ ಚೌರಸ್ತೆಯಲ್ಲಿ ಹೇಳಿದರೆ ಯಾರೂ ನಂಬುವುದಿಲ್ಲ, ಇಲ್ಲಿಯ ಅನುಭವವು ಅದಕ್ಕೆ ತಿರುಗುಮುರುಗು. ಮೆಚ್ಚುಗೆಯೇನೋ ಇದೆ. 2029ರ ಏಪ್ರಿಲ್ 13ರಂದು ಅಪೋಫಿಸ್ ಎಂಬ ಕಲ್ಲು ಭೂಮಿಯಿಂದ ಸುಮಾರು 32,000 ಕಿಲೋಮೀಟರ್ ದೂರದಲ್ಲಿ, ದೂರದರ್ಶನದ ಉಪಗ್ರಹಗಳಿಗಿಂತ ಹತ್ತಿರದಲ್ಲಿ, ಹಾದುಹೋಗಲಿದ್ದು, ಅದರ ದಿನ, ಹೊತ್ತುಗಳು ಇಂದಿಗೇ ನಿಷ್ಕರ್ಷೆಯಾಗಿವೆ. ಮನುಷ್ಯರತ್ತ ಬರುವ ಕಲ್ಲಿಗೆ ಪಂಚಾಂಗವಿದೆ, ಕಲ್ಲಿನತ್ತ ಬರುವ ಮನುಷ್ಯರಿಗೆ ಇಲ್ಲ.

ಸಂದರ್ಶಕ: ಹೈದರಾಬಾದಿನಲ್ಲಿ ಬಂಡೆಗಳ ರಕ್ಷಣೆಗೆಂದೇ 1996ರಲ್ಲಿ ಸಂಘವೊಂದು ಹುಟ್ಟಿದೆ, ಕೆಲವು ಶಿಲಾರಚನೆಗಳಿಗೆ ಪಾರಂಪರಿಕ ಸ್ಥಾನವೂ ದೊರೆತಿದೆ.

ಬಂಡೆ: ಅವು ಚೆಲುವಾದ ಬಂಡೆಗಳು, ಆನೆಯ ಹಾಗೆ, ಅಣಬೆಯ ಹಾಗೆ ಕಾಣುವಂಥವು. ಈ ಬಂಡೆ ಬಂಡೆಯ ಹಾಗೆ ಮಾತ್ರ ಕಾಣುತ್ತದೆ.

(ಇಲ್ಲಿ ಬಂಡೆಯು ಸ್ವಲ್ಪ ಹೊತ್ತು ಮೌನವಾಗಿತ್ತು. ಅದರ ಮೌನ ಮತ್ತು ಮಾತುಗಳ ನಡುವಣ ಭೇದವನ್ನು ಗುರುತಿಸುವುದು ಕಷ್ಟವೆಂಬುದನ್ನು ಸಂದರ್ಶಕರು ಟಿಪ್ಪಣಿಯಲ್ಲಿ ದಾಖಲಿಸಿದ್ದಾರೆ.)

ಸಂದರ್ಶಕ: ಚಂದ್ರನಿಂದ ಕಲ್ಲು ತರುವ ಚಂದ್ರಯಾನ-4ಕ್ಕೆ ಕೇಂದ್ರ ಸಂಪುಟವು 2024ರ ಸೆಪ್ಟೆಂಬರಿನಲ್ಲಿ 2,104.06 ಕೋಟಿ ರೂಪಾಯಿಗಳನ್ನು ಮಂಜೂರು ಮಾಡಿದೆ. ಈ ಹಣವು ಪೋಲೆಂಬುದು ತಮ್ಮ ವಾದವೇ?

ಬಂಡೆ: ಖಂಡಿತ ಅಲ್ಲ. ಕಲ್ಲಿಗೆ ಗ್ರಾಮಿನ ಲೆಕ್ಕದಲ್ಲಿ ಬೆಲೆ ಕಟ್ಟುವವರು ಈ ದೇಶದಲ್ಲಿ ಬಾಹ್ಯಾಕಾಶ ಸಂಸ್ಥೆಯವರೊಬ್ಬರೇ ಉಳಿದಿದ್ದಾರೆ, ಅವರನ್ನೂ ಕಳೆದುಕೊಳ್ಳುವುದು ಕಲ್ಲಿನ ಜಾತಿಗೆ ಹಿತವಲ್ಲ. ಉಳಿದವರ ಅಳತೆಗಳನ್ನು ನೋಡಬೇಕು: ಕ್ರಷರಿನವರದು ಟನ್ನು, ಲಾರಿಯವರದು ಲೋಡು, ಅಡುಗೆಕಟ್ಟೆಗೆ ಹಾಸುವವರದು ಚದರಡಿ, ನಿವೇಶನ ಮಾರುವವರದು ಗಜ. ಗಜದ ಲೆಕ್ಕದವರಿಗಂತೂ ಕಲ್ಲು ಲೆಕ್ಕಕ್ಕೇ ಇಲ್ಲ, ಅದನ್ನು ತೆಗೆದ ಮೇಲೆ ಉಳಿಯುವ ಖಾಲಿಗೆ ಬೆಲೆ. ಚಂದ್ರಯಾನ-4ರ ಕಲ್ಲು ಬಂದಾಗ, ಅದರ ಜೊತೆಗೆ ಹೋಲಿಸಿ ನೋಡಲು ಭೂಮಿಯದೂ ಒಂದು ತುಂಡು ಬೇಕೆಂದು ವಿಜ್ಞಾನಿಗಳಿಗೆ ಅನ್ನಿಸಿದರೆ 121.6 ಗ್ರಾಂ ಕೊಡಲು ಈ ಬಂಡೆ ಸಿದ್ಧವಿದೆ. ಆದರೆ ತಿರುಪು ಹಾಕಿದ ಡಬ್ಬಿಯಲ್ಲಿಯೇ ಒಯ್ಯಬೇಕು.

ಸಂದರ್ಶಕ: ಭೂಮಿಯನ್ನು ಮೇಲಿನಿಂದ ನೋಡುವ ಉಪಗ್ರಹಗಳೂ ಉಂಟು. ಅವುಗಳ ಚಿತ್ರಗಳನ್ನು ಷಾದ್‌ನಗರದಲ್ಲಿ ಪಡೆದು ಪರಿಷ್ಕರಿಸುವ ರಾಷ್ಟ್ರೀಯ ದೂರಸಂವೇದಿ ಕೇಂದ್ರದ ಕಚೇರಿ ಬಾಲಾನಗರದಲ್ಲಿದೆ. ಇದೇ ಕೆಂಪು ಮಾರ್ಗದಲ್ಲಿ ಮಿಯಾಪುರ ಬಿಟ್ಟರೆ ನಾಲ್ಕನೆಯ ನಿಲ್ದಾಣ. ಅವರಿಗೆ ತಮ್ಮ ಪರಿಚಯವಿರಬೇಕಲ್ಲ?

ಬಂಡೆ: ಬಹಳ ಚೆನ್ನಾಗಿದೆ. 2019ರ ನವೆಂಬರಿನಲ್ಲಿ ಹಾರಿದ ಕಾರ್ಟೊಸ್ಯಾಟ್-3ರ ಕಣ್ಣಿಗೆ ಕಾಲು ಮೀಟರಿನಷ್ಟು ಚಿಕ್ಕ ವಿವರಗಳೂ ಬೇರೆ ಬೇರೆಯಾಗಿ ತೋರುವುದರಿಂದ, ಬಂಡೆಯೇನು, ಅದರ ನೆರಳಿನಲ್ಲಿ ನಿಲ್ಲಿಸಿದ ಆಟೋ ಕೂಡ ಅಲ್ಲಿ ದಾಖಲಾಗಿರುತ್ತದೆ. 2025ರ ಜುಲೈ 30ರಂದು ಶ್ರೀಹರಿಕೋಟೆಯಿಂದ ಹಾರಿದ ನಿಸಾರ್ ಇನ್ನೂ ಸೂಕ್ಷ್ಮ. ಭಾರತ ಮತ್ತು ಅಮೆರಿಕ ಕೂಡಿ ಮಾಡಿದ ಆ ಉಪಗ್ರಹವು 12 ಮೀಟರ್ ಅಗಲದ ಕೊಡೆಯಂಥ ಆಂಟೆನಾ ಬಿಚ್ಚಿಕೊಂಡು, ರೇಡಾರ್ ಅಲೆಗಳನ್ನು ನೆಲಕ್ಕೆ ಕಳಿಸಿ, ಅವು ಮರಳಿ ಬರುವುದರಲ್ಲಿ ಆಗುವ ಅಲ್ಪ ವ್ಯತ್ಯಾಸದಿಂದ ನೆಲದ ಸೆಂಟಿಮೀಟರಿನಷ್ಟು ಅಲುಗಾಟವನ್ನೂ ಕಂಡುಹಿಡಿಯಬಲ್ಲದು. ಭೂಖಂಡದ ಜೊತೆಗೆ ದಕ್ಷಿಣ ಗೋಳಾರ್ಧದಿಂದ ವರ್ಷಕ್ಕಿಷ್ಟು ಸೆಂಟಿಮೀಟರ್ ಎಂದು, ರಾಕೆಟ್ಟಿಲ್ಲದೆ, ಇಲ್ಲಿಯವರೆಗೆ ಬಂದದ್ದನ್ನು ಬಿಟ್ಟರೆ ಈ ಬಂಡೆ ಕುಳಿತಲ್ಲಿಂದ ಎದ್ದದ್ದಿಲ್ಲ. ಹೀಗಾಗಿ ನಿಸಾರಿಗೆ ಇದರ ಬಗ್ಗೆ ವರದಿ ಮಾಡುವ ಪ್ರಸಂಗ ಒಂದೇ ಒಂದು ಸಲ ಬರುತ್ತದೆ.

ಸಂದರ್ಶಕ: ಅದು ಮತ್ತೆ ಇದೇ ಜಾಗದ ಮೇಲೆ ಬರುವುದು ಯಾವಾಗ?

ಬಂಡೆ: ಹನ್ನೆರಡು ದಿನಕ್ಕೊಮ್ಮೆ ಅದೇ ದಾರಿಯಲ್ಲಿ ಬರುತ್ತದೆಯಂತೆ. ಕಂಪ್ರೆಸರ್ ಗುರುವಾರ ಬರುತ್ತದೆ.