ನಾಯಕಾರೋಗ್ಯ ವದಂತಿ ಮೀಮಾಂಸೆ: ಒಂದು ತಾತ್ವಿಕ ಅನುಸಂಧಾನ

ಪ್ರಸ್ತುತ ಪ್ರಬಂಧವು ನಾಯಕದೇಹವೆಂಬ ಪಠ್ಯವನ್ನು ವದಂತಿಯ ಪರಿಪ್ರೇಕ್ಷ್ಯದಲ್ಲಿಟ್ಟು, ಅದರ ಬಹುಸ್ತರೀಯ ಸಂಕಥನವನ್ನು ನಿರಚನೆಗೆ ಒಳಪಡಿಸುತ್ತದೆ. ಅರ್ಥವಾಗದಿದ್ದರೆ ಗಾಬರಿ ಬೇಡ. ವಿಚಾರಸಂಕಿರಣದಲ್ಲಿ ಮುಂದಿನ ಸಾಲಿನಲ್ಲಿ ಕೂತು ತಲೆದೂಗುವವರಿಗೂ ಅರ್ಥವಾಗಿರುವುದಿಲ್ಲ. ಊಟದ ಕೂಪನ್ ಕೈಗೆ ಬರುವ ತನಕ ತೂಗುತ್ತಿರುವುದು ಶಿಷ್ಟಾಚಾರ.

ಮೊದಲು ವರ್ಗೀಕರಣ.

ಒಂದು, ಶೀತಸಿದ್ಧಾಂತ. ಇದು ಸೋವಿಯತ್ ಪಂಥ. 1983ರ ನವೆಂಬರ್ 7ರಂದು ಕೆಂಪು ಚೌಕದ ಕವಾಯತಿಗೆ ಯೂರಿ ಆಂಡ್ರೊಪೊವ್ ಬರಲಿಲ್ಲ. ನೆಗಡಿಯಂತೆ. ಮರುವರ್ಷ ಫೆಬ್ರುವರಿ 9ರಂದು ತೀರಿಕೊಂಡರು, ಮೂತ್ರಪಿಂಡ ಕೈಕೊಟ್ಟು. ಮೂಗಿನಿಂದ ಮೂತ್ರಪಿಂಡಕ್ಕಿಳಿಯುವ ನೆಗಡಿ ವೈದ್ಯಶಾಸ್ತ್ರಕ್ಕೆ ಮಾಸ್ಕೋದ ಕೊಡುಗೆ.

ಎರಡು, ಗೈರುಹಾಜರಿ ಸಿದ್ಧಾಂತ. 2020ರ ಏಪ್ರಿಲ್ 15ರಂದು ಉತ್ತರ ಕೊರಿಯಾದ ಕಿಮ್ ಜೊಂಗ್ ಉನ್ ತಮ್ಮ ತಾತನ ಜಯಂತಿಗೆ ಕಾಣಿಸಲಿಲ್ಲ. ಜಗತ್ತಿನ ಟಿ.ವಿ.ಗಳು ಅವರ ಎದೆ ಕೊಯ್ದವು, ಹೂತವು, ತಂಗಿಗೆ ಪಟ್ಟವನ್ನೂ ಕಟ್ಟಿದವು. ಮೇ ತಿಂಗಳು ಹುಟ್ಟಿದ್ದೇ ತಡ, ಮೃತರು ಗೊಬ್ಬರದ ಕಾರ್ಖಾನೆಯೊಂದರ ರಿಬ್ಬನ್ ಕತ್ತರಿಸಿದರು.

ಮೂರು, ಸ್ಥಿರತಾ ಸಿದ್ಧಾಂತ. ಇದರಲ್ಲಿ ‘ಚಿಂತಾಜನಕ, ಆದರೆ ಸ್ಥಿರ’, ‘ಸ್ಥಿರ, ಆದರೆ ನಿಗಾದಲ್ಲಿ’, ‘ಚಿಕಿತ್ಸೆಗೆ ಸ್ಪಂದಿಸುತ್ತಿದ್ದಾರೆ’ ಎಂಬ ಉಪವರ್ಗಗಳೂ ಅವುಗಳೊಳಗೆ... ಬಿಡಿ, ವರ್ಗೀಕರಣ ಸಾಕು. ನಮ್ಮ ದೇಶದ ಮುಖ್ಯ ನಿದರ್ಶನ ಯಾವ ವರ್ಗಕ್ಕೂ ಒಗ್ಗುವುದಿಲ್ಲ.

ಅದನ್ನು ‘ಪೂರ್ವಮರಣೋತ್ತರ ಸಂತಾಪ’ ಎಂದು ಕರೆಯೋಣ. 1979ರ ಮಾರ್ಚ್ 22ರಂದು ಪ್ರಧಾನಿ ಮೊರಾರ್ಜಿ ದೇಸಾಯಿ ಲೋಕಸಭೆಯಲ್ಲಿ ಜಯಪ್ರಕಾಶ ನಾರಾಯಣರ ನಿಧನವಾರ್ತೆ ಪ್ರಕಟಿಸಿದರು. ಕಲಾಪ ನಿಂತಿತು. ರೇಡಿಯೊದ ಮಾಮೂಲು ಕಾರ್ಯಕ್ರಮಗಳು ನಿಂತವು. ಶಾಲೆ ಬಿಟ್ಟವು, ಅಂಗಡಿಗಳು ಬಾಗಿಲೆಳೆದವು. ಇಡೀ ದೇಶದಲ್ಲಿ ನಿಲ್ಲದೆ ನಡೆಯುತ್ತಿದ್ದದ್ದು ಒಂದೇ: ಬೊಂಬಾಯಿಯ ಜಸ್‌ಲೋಕ್ ಆಸ್ಪತ್ರೆಯಲ್ಲಿ ಜೆಪಿಯವರ ಉಸಿರು.

ಸಾಮಾನ್ಯವಾಗಿ ಬೀದಿಯ ವದಂತಿಯನ್ನು ಸರ್ಕಾರ ಅಲ್ಲಗಳೆಯುತ್ತದೆ. ಇಲ್ಲಿ ಸರ್ಕಾರದ ವದಂತಿಯನ್ನು ಆಸ್ಪತ್ರೆ ಅಲ್ಲಗಳೆಯಬೇಕಾಯಿತು. ಆ ಲೋಕಸಭೆಯ ಅಧ್ಯಕ್ಷರು ನಮ್ಮ ಕಾರ್ಕಳ ಕಡೆಯ ಕೆ.ಎಸ್. ಹೆಗ್ಡೆ, ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಯಾಗಿದ್ದವರು. ಅಂಥವರಿದ್ದ ಸದನದಲ್ಲೂ ಪ್ರಧಾನಿಯ ಮಾತಿಗೆ ಯಾರೂ ಪುರಾವೆ ಕೇಳಲಿಲ್ಲ.

ಇನ್ನು ಪಾರಿಭಾಷಿಕ ಪದಗಳು ಬೇಡ. ಆಸ್ಪತ್ರೆಗೆ ಒಂದು ಫೋನು ಮಾಡಿ ಕೇಳುವಷ್ಟು ವ್ಯವಧಾನವೂ ಇರಲಿಲ್ಲವೇ ಇವರಿಗೆ? 1975ರ ತುರ್ತುಪರಿಸ್ಥಿತಿಯಲ್ಲಿ ಚಂಡೀಗಢದ ಬಂಧನದಲ್ಲಿದ್ದಾಗ ಆ ಮನುಷ್ಯನ ಮೂತ್ರಪಿಂಡಗಳು ಹಾಳಾದವು. ಆಗ ಪತ್ರಿಕೆಗಳ ಬಾಯಿಗೆ ಸೆನ್ಸಾರ್ ಬೀಗ. ಬಿಡುಗಡೆಯಾಗಿ ಬಂದವರು ಡಯಾಲಿಸಿಸ್ ಯಂತ್ರಕ್ಕೆ ಕಟ್ಟುಬಿದ್ದೇ ಉಳಿದ ಆಯುಷ್ಯ ಕಳೆದರು. ಅದೇ ಮೈ ಹೊತ್ತು ವಿರೋಧ ಪಕ್ಷಗಳನ್ನು ಒಂದು ಮಾಡಿದರು, ಚುನಾವಣೆ ಗೆದ್ದವರನ್ನು 1977ರ ಮಾರ್ಚ್ 24ರಂದು ರಾಜಘಾಟ್‌ನಲ್ಲಿ ನಿಲ್ಲಿಸಿ ಪ್ರತಿಜ್ಞೆ ಮಾಡಿಸಿದರು. ಪ್ರತಿಜ್ಞೆ ಮಾಡಿದವರು ಎರಡು ವರ್ಷ ಕುರ್ಚಿಗಾಗಿ ಕಿತ್ತಾಡಿದರು. ಹಾಸಿಗೆಯಲ್ಲಿದ್ದ ಮುದುಕನ ಮಾತಿಗೆ ಕಿವಿಗೊಡಲು ಪುರುಸೊತ್ತಿರಲಿಲ್ಲ. ಶ್ರದ್ಧಾಂಜಲಿಗೆ ಮಾತ್ರ ಎಂಥ ಅವಸರ!

ವಾರಗಳ ಮೇಲೆ ಯಾರೋ ವಿಷಯ ತಿಳಿಸಿದಾಗ ಜೆಪಿ ಮುಗುಳ್ನಕ್ಕರಂತೆ. ಆ ನಗುವಿಗೆ ನನ್ನಲ್ಲಿ ಯಾವ ಸಿದ್ಧಾಂತವೂ ಇಲ್ಲ.

ಅವರು ನಿಜವಾಗಿ ತೀರಿಕೊಂಡದ್ದು ಅದೇ ವರ್ಷ ಅಕ್ಟೋಬರ್ 8ರಂದು, ಪಟ್ನಾದಲ್ಲಿ. 77 ತುಂಬಲು ಮೂರು ದಿನ ಬಾಕಿಯಿತ್ತು. ಅಷ್ಟರಲ್ಲಿ ಮೊರಾರ್ಜಿ ಮಾಜಿ ಪ್ರಧಾನಿ. ಆಗಸ್ಟ್‌ನಲ್ಲೇ ವಿಸರ್ಜನೆಯಾಗಿದ್ದರಿಂದ ಎರಡನೆಯ ಸಲ ಸಂತಾಪ ಸೂಚಿಸಲು ಆ ಲೋಕಸಭೆಯೇ ಇರಲಿಲ್ಲ.